ಡಿಕ್ಕಿ ಆಗೇದ, ಕಾಕಾ

ಇಂದು ಬೆಳಗ್ಗೆ ಕೆಳಗಿನ ಅಂಗಳದಿಂದ ತುಕ್ಕು ಮತ್ತು ಸೀಮೆಎಣ್ಣೆ ಬೆರೆತ ವಾಸನೆಯೊಂದು ನನ್ನ ಬಾಲ್ಕನಿಯವರೆಗೆ ಏರಿಬಂತು. ಅದರ ಬೆನ್ನಿಗೇ ತಗಡನ್ನು ಅಂಗೈಯಿಂದ ಬಡಿಯುವ ಸದ್ದು. ನಾಸಿಕದ ಈ ಕಟ್ಟಡದಲ್ಲಿ ಬೆಳಗಿನ ಶಾಂತಿ ಕದಡಿದವರನ್ನು ಮೇಲಿನಿಂದಲೇ ತರಾಟೆಗೆ ತೆಗೆದುಕೊಳ್ಳುವ ಕೆಲಸವನ್ನು, ಯಾರೂ ವಹಿಸದಿದ್ದರೂ, ನಾನು ನಿಷ್ಠೆಯಿಂದ ಮಾಡಿಕೊಂಡು ಬಂದಿದ್ದೇನೆ. ಬಗ್ಗಿ ನೋಡಿದೆ. ನೀವೂ ನನ್ನ ಪಕ್ಕದಲ್ಲಿದ್ದಿದ್ದರೆ ನಗುತ್ತಿದ್ದಿರಿ: ದುಂಡು ಬೆನ್ನಿನ ಹಳೆಯ ಕಾರೊಂದರ ಹಿಂದೆ ನಿಂತ ಗೃಹಸ್ಥರೊಬ್ಬರು, ತೆರೆಯಲೊಲ್ಲದ ಅದರ ಮುಚ್ಚಳವನ್ನು ಒಮ್ಮೆ ಗದರಿಸುತ್ತ, ಒಮ್ಮೆ ಸವರುತ್ತ, ಮಗುವನ್ನು ಪುಸಲಾಯಿಸುವವರಂತೆ ಪೇಚಾಡುತ್ತಿದ್ದರು. ಬೈಯುವುದನ್ನು ಬಿಟ್ಟು ಆ ಕಾರನ್ನೇ ನೋಡಿದೆ.

ಅಂಥದೇ ಕಾರು ನಮ್ಮಲ್ಲೂ ಇತ್ತು. ಅಪ್ಪ ಬ್ಯಾಂಕಿನವರು, ಗುಲಬರ್ಗಾ ಜಿಲ್ಲೆಯಿಂದ ನಾಸಿಕಕ್ಕೆ ವರ್ಗವಾಗಿ ಬಂದವರು. ದೇವಳಾಲಿಯ ಪಾರ್ಸಿ ಹಿರಿಯರೊಬ್ಬರು ಕಣ್ಣು ಮಂಜಾಗಿ ಓಡಿಸುವುದನ್ನು ಬಿಟ್ಟ ಕಾರನ್ನು ಅಪ್ಪ ಕೊಂಡು ತಂದ ದಿನ, ಅವ್ವ ಅದರ ಹಣೆಗೆ ಕುಂಕುಮ ಹಚ್ಚುತ್ತ, "ಗಾಡಿ ತಂದೀರೋ ಎಮ್ಮಿ ತಂದೀರೋ?" ಎಂದು ಕೇಳಿದ್ದಳು. ಎಮ್ಮೆಯಂತೆಯೇ ಅದು ಮನಸ್ಸಿದ್ದಾಗ ನಡೆಯುತ್ತಿತ್ತು.

ನಾವು ನಾಸಿಕದಲ್ಲೇ ಬೆಳೆದ ಮಕ್ಕಳು. ಮನೆಯ ಕನ್ನಡ ನಮಗೆ ಅರ್ಥವಾಗುತ್ತಿತ್ತು. ಆಡಲು ಹೋದರೆ ಮರಾಠಿ ನಡುವೆ ನುಗ್ಗುತ್ತಿತ್ತು. ವಾಹನಗಳು ಒಂದಕ್ಕೊಂದು ಬಡಿದರೆ ನಮ್ಮ ಬಾಯಲ್ಲಿ ಅದು 'ಟಕ್ಕರ್'. 'ಡಿಕ್ಕಿ' ಎಂದರೆ ಕಾರಿನ ಹಿಂಭಾಗದಲ್ಲಿ ಸಾಮಾನು ಇಡುವ ಜಾಗ, ಅಷ್ಟೇ. ಆ ಪದಕ್ಕೆ ಕನ್ನಡದಲ್ಲಿ ಇನ್ನೊಂದು ಅರ್ಥವಿದೆಯೆಂದು ನನಗೆ ತಿಳಿಸಬೇಕಾದ ಹೊಣೆ ಯಾರದಾಗಿತ್ತು ಎಂಬುದನ್ನು ನಾನಿನ್ನೂ ನಿರ್ಧರಿಸಿಲ್ಲ.

ಅವ್ವನ ಪಾಡು ಬೇರೆ. ಔರಂಗಾಬಾದಿನ ಬಸ್ ನಿಲ್ದಾಣದಲ್ಲಿ ಮೊದಲ ಸಲ 'ಕನ್ನಡ' ಎಂಬ ಫಲಕ ಹೊತ್ತ ಬಸ್ಸನ್ನು ಕಂಡು, "ನೋಡ್ರಿ, ನಮ್ಮ ಮಂದೀ ಬಸ್ಸು!" ಎಂದು ಹಿಗ್ಗಿದ್ದಳು. ಅದು ಹತ್ತಿರದ ತಾಲ್ಲೂಕು ಊರಿನ ಹೆಸರೆಂದೂ ಅಲ್ಲಿ ನಮ್ಮ ಮಾತು ಆಡುವವರಿಲ್ಲವೆಂದೂ ಅಪ್ಪ ವಿವರಿಸಿದಾಗ ಬಸ್ಸಿನಿಂದ ಮುಖ ತಿರುಗಿಸಿದಳು. ಮದುವೆಗೆ ಮುಂಚೆ ಊರಲ್ಲಿ ಹಾರ್ಮೋನಿಯಂ ನುಡಿಸಿಕೊಂಡು ಜನರೆದುರು ಹಾಡುತ್ತಿದ್ದವಳು ಈಗ ಬಾಗಿಲು ಹಾಕಿಕೊಂಡು ಹಾಡುತ್ತಿದ್ದಳು. ಕೇಳಿದರೆ, "ಇಲ್ಲಿ ನಾ ಹಾಡಿದ್ರೇನು, ಬಿಟ್ರೇನು? ಯಾರಿಗೆ ಬೇಕಾಗೇದ?" ಎನ್ನುತ್ತಿದ್ದಳು.

ಔರಂಗಾಬಾದಿನಲ್ಲಿ ಕನ್ನಡಿಗರದೊಂದು ಸಣ್ಣ ಕೂಟವಿತ್ತು. ಬೀದರಿನಿಂದ ಬಂದು ಬೇಳೆಯ ವ್ಯಾಪಾರ ಹಿಡಿದ ಶರಣಪ್ಪ ಕಾಕಾ ಅದರ ಮುಂದಾಳು, ಅಪ್ಪನ ಗೆಳೆಯರು. ವರ್ಷಕ್ಕೊಂದು ಸಮಾರಂಭ. ಗಂಡಸರು ವೇದಿಕೆಯ ಮೇಲೆ, ಹೆಂಗಸರು ರಂಗೋಲಿಗೆ, ಆರತಿಗೆ ಮತ್ತು ಒಲೆಯ ಮುಂದೆ. ಪುಣೆಯಲ್ಲಿ ಎಂ.ಎ. ಮುಗಿಸಿ, ಜಗತ್ತಿನ ಬಾಕಿಯನ್ನೆಲ್ಲ ವಸೂಲು ಮಾಡುವ ಹುರುಪಿನಲ್ಲಿ ಮರಳಿದ್ದ ನಾನು ಊಟದ ಪಂಕ್ತಿಯಲ್ಲೇ ಎದ್ದು ನಿಂತೆ.

"ಕಾಕಾ, ಅಡಿಗಿಗೆ ಹೆಣ್ಮಕ್ಕಳು ಬೇಕು, ವೇದಿಕೆಗೆ ಯಾಕ ಬ್ಯಾಡ್ರಿ? ಇದಕ್ಕ ಹೊಣಿ ಯಾರು?"

"ಹೊಣಿ ನಂದೇ ಇರ್ಲಿ, ತಂಗಿ. ಮೊದಲ ಹೋಳಿಗಿ ತಿನ್ನು, ಆರ್ತದ."

ಎಲ್ಲರೂ ನಕ್ಕರು. ನಾನು ನಗಲಿಲ್ಲ. ಆದರೆ ಮರುವರ್ಷ ಕಾಕಾ ತಾವಾಗಿಯೇ ಹೇಳಿಕಳಿಸಿದರು: ಈ ಸಲ ವೈನಿಯವರು, ಅಂದರೆ ನಮ್ಮ ಅವ್ವ, ಹಾಡಲಿ.

ಅವ್ವ ಹೂಂ ಎಂದಳು, ಬೇಡವೆಂದಳು, ಮತ್ತೆ ಹೂಂ ಎಂದಳು. ಆ ದಿನ ಬೆಳಗ್ಗೆ ಅವಳ ಪೇಟಿಯನ್ನು, ಅಂದರೆ ಹಾರ್ಮೋನಿಯಮ್ಮನ್ನು, ಹಳೆಯ ಸೀರೆಯಲ್ಲಿ ಸುತ್ತಿ ಡಿಕ್ಕಿಯಲ್ಲಿಟ್ಟು ಔರಂಗಾಬಾದಿಗೆ ಹೊರಟೆವು. ದಾರಿಯುದ್ದಕ್ಕೂ ಅವಳು ಸೆರಗಿನ ತುದಿಯನ್ನು ಹೊಸೆಯುತ್ತಿದ್ದಳು. ನಡುದಾರಿಯ ಯೇವಲಾ ಊರು ಮುಟ್ಟುವಾಗ ಚಕ್ರ ಪಂಕ್ಚರ್ ಆಯಿತು. ಬದಲಿ ಚಕ್ರವೂ ಜಾಕೂ ಡಿಕ್ಕಿಯಲ್ಲಿ. ಡಿಕ್ಕಿ ತೆರೆಯಲಿಲ್ಲ. ಹಿಡಿಕೆ ಮಾತ್ರ ಸುತ್ತಲೂ ಸಲೀಸಾಗಿ ತಿರುಗುತ್ತಿತ್ತು, ಒಳಗಿನ ಚಿಲಕಕ್ಕೂ ತನಗೂ ಸಂಬಂಧವೇ ಇಲ್ಲವೆಂಬಂತೆ. ಅಪ್ಪ ಎಳೆದರು, ಗುದ್ದಿದರು, ಸೀಮೆಎಣ್ಣೆ ತಂದು ಸುರಿದರು. ಪಂಕ್ಚರ್ ಅಂಗಡಿಯವನು ಮದುವೆಗೆ ಹೋಗಿದ್ದ. ಮಧ್ಯಾಹ್ನ ಕಳೆದ ಮೇಲೆ ಬರುತ್ತಾನಂತೆ. ನಾನು ವಿಚಾರಣೆ ಶುರುಮಾಡಿದೆ: ಕೊಳ್ಳುವಾಗ ನೋಡಿದವರು ಯಾರು? ಬೆಳಗ್ಗೆ ಅಷ್ಟು ಜೋರಾಗಿ ಹಾಕಿದವರು ಯಾರು?

"ಏ ವಕೀಲಬಾಯಿ," ಎಂದರು ಅಪ್ಪ, "ಆರೋಪಿ ನಾನೇ. ಈಗ ಆ ಸ್ಕ್ರೂಡ್ರೈವರ್ ಕೊಡು."

ಅವ್ವನ ಮುಖದಲ್ಲಿ ಮಾತ್ರ ಗೆದ್ದವರ ನೆಮ್ಮದಿಯೂ ಸೋತವರ ಸಿಟ್ಟೂ ಒಟ್ಟಿಗೆ ಇದ್ದವು. "ದೇವ್ರಿಗೂ ಬ್ಯಾಡಾಗೇದ. ಪೇಟಿ ಇಲ್ದ ನಾ ಹಾಡಂಗಿಲ್ಲ," ಎಂದವಳೇ, ಎದುರಿನ ಪೈಠಣಿ ಸೀರೆ ನೇಕಾರರ ಮನೆಯ ಕಟ್ಟೆಯ ಮೇಲೆ ಕುಳಿತು ಮೌನ ಹಿಡಿದಳು. ನಾನು ಪಕ್ಕದ ಸೀರೆ ಅಂಗಡಿಯಿಂದ ಕಾಕಾ ಅವರಿಗೆ ಟ್ರಂಕ್ ಕಾಲ್ ಮಾಡಿದೆ. ಗರಗರ ಸದ್ದಿನ ನಡುವೆ ಕೂಗಿದೆ:

"ಡಿಕ್ಕಿ ಜಾಮ್ ಆಗೇದ, ಕಾಕಾ! ಯೇವಲಾದಾಗ! ಏನ್ಮಾಡಿದ್ರೂ ತೆಗೀಲಿಕ್ಕೆ ಬರವಲ್ದು! ಅವ್ವ ಮಾತಾಡವಲ್ಲಳು!"

ಲೈನು ಕಡಿಯಿತು. ನನ್ನ ಆ ಮಾತುಗಳಲ್ಲಿ ಸುಳ್ಳೊಂದೂ ಇರಲಿಲ್ಲ ಎಂಬುದನ್ನು ದಯವಿಟ್ಟು ಗಮನಿಸಬೇಕು.

ಮಧ್ಯಾಹ್ನದ ಬಿಸಿಲಲ್ಲಿ ಬೇಳೆ ಚೀಲ ಹೊರುವ ಟೆಂಪೋ ಒಂದು ಧೂಳೆಬ್ಬಿಸಿಕೊಂಡು ಬಂದು ನಿಂತಿತು. ಅದರಲ್ಲಿ ಹಾಸಿಗೆ, ಬಿಳಿ ಬಟ್ಟೆಯ ಸುರುಳಿ, ಬಿಸಿನೀರಿನ ಥರ್ಮಾಸು, ಕೂಟದ ಡಾಕ್ಟರು. ಅಂಗೈಯ ಕಣಕವನ್ನೂ ತೊಳೆಯದೆ ಹತ್ತಿದ ಹೆಂಗಸರು. ಎಲ್ಲರಿಗಿಂತ ಮೊದಲು ಜಿಗಿದವರು ಶರಣಪ್ಪ ಕಾಕಾ. ಮೈಮೇಲೆ ಸಮಾರಂಭದ ರೇಷ್ಮೆ ಅಂಗಿ, ಕಾಲಲ್ಲಿ ಚಪ್ಪಲಿ ಇಲ್ಲ.

"ವೈನಿ ಎಲ್ಲದಾರ? ವೈನೀ!"

ನೇಕಾರರ ಮನೆಯಾಕೆ ಕೊಟ್ಟ ಶೇಂಗಾ ತಿನ್ನುತ್ತಿದ್ದ ಅವ್ವ ಗಾಬರಿಯಿಂದ ಎದ್ದು ಸೆರಗು ಹೊದ್ದಳು. "ಇಲ್ಲೇ ಅದೀನ್ರಿ. ಯಾಕ್ರಿ, ಯಾರಿಗೇನಾತು?"

ಕಾಕಾ ಅವಳನ್ನು ನೋಡಿದರು. ಕಾರನ್ನು ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು. "ಡಿಕ್ಕಿ ಆಗೇದ ಅಂದಿ?"

"ಜಾಮ್ ಆಗೇದ ಅಂದ್ನಲ್ರಿ, ಇಲ್ಲಿ ನೋಡ್ರಿ," ಎಂದು ಮುಚ್ಚಳ ತಟ್ಟಿ ತೋರಿಸಿದೆ.

"ವೈನಿ ಮಾತಾಡವಲ್ಲರು ಅಂದಿ?"

"ಸಿಟ್ಟಾಗ್ಯಾಳ್ರಿ."

ಟೆಂಪೋದಲ್ಲಿದ್ದ ಹೆಂಗಸೊಬ್ಬರು ಮೊದಲು ನಕ್ಕರು. ಅದು ಎಲ್ಲರಿಗೂ ಹಬ್ಬಿತು. "ಯವ್ವಾ ನಮ್ಮವ್ವಾ, ಎಂ.ಎ. ಓದೀಯಲ್ಲ, ನಮ್ಮ ಮಾತಿನ್ಯಾಗ ಡಿಕ್ಕಿ ಅಂದ್ರೇನಂತ ಯಾರೂ ಹೇಳಲಿಲ್ಲೇನು?" ಎಂದು ಗದರಿದ ಕಾಕಾ ಮಾತ್ರ ನಗದೆ ಕಟ್ಟೆಯ ಮೇಲೆ ಕುಸಿದು ಕುಳಿತರು. ಕಣ್ಣೊರೆಸಿಕೊಂಡರು.

"ನಿಮ್ಮನ್ನ ಕಳಕೊಂಡ್ವಿ ಅಂತನ ತಿಳಿದಿದ್ದೆ ವೈನಿ," ಎಂದರು. "ದಾರಿತುಂಬ ಒಂದ ವಿಚಾರ. ಇಷ್ಟು ವರ್ಷ ನಿಮ್ಮ ಕೈಯಾಗಿನ ಹೋಳಿಗಿ ತಿಂದ್ವಿ. ನಿಮ್ಮ ಹಾಡು ಒಮ್ಮೆನೂ ಕೇಳಲಿಲ್ಲಲ್ಲ ಅಂತ."

ಅವ್ವ ಕೈಯಲ್ಲಿದ್ದ ಶೇಂಗಾವನ್ನು ಕಟ್ಟೆಯ ಮೇಲಿಟ್ಟಳು. "ಪೇಟಿ ಒಳಗದ," ಎಂದಳು ಮೆಲ್ಲಗೆ.

"ಪೇಟಿ ಕೇಳ್ಲಿಕ್ಕೆ ಬಂದಿಲ್ರಿ ಅಕ್ಕಾರ," ಎಂದರು ಕೈಗೆ ಕಣಕ ಮೆತ್ತಿದ್ದ ಒಬ್ಬಾಕೆ.

ಅವ್ವ ಹಾಡಿದಳು. ಶುರುವಿನಲ್ಲಿ ದನಿ ಒಡೆಯಿತು. ಎರಡನೆಯ ಸಾಲಿಗೆ ನೆಲೆ ಸಿಕ್ಕಿತು. ಮಗ್ಗ ನಿಲ್ಲಿಸಿ ಬಂದ ನೇಕಾರ್ತಿ ಬಾಗಿಲಿಗೆ ಒರಗಿ ನಿಂತಳು. ಸತ್ತಳೆಂದು ಅತ್ತವರೆದುರು ಹಾಡುವ ಯೋಗ ಎಷ್ಟು ಜನಕ್ಕೆ ಬಂದೀತು? ಅವರು ಅವಳ ಒಂದೊಂದು ಉಸಿರನ್ನೂ ಲಾಭವೆಂಬಂತೆ ಕೇಳಿದರು.

ಹಾಡು ಮುಗಿದು ಹೊರಡುವ ಗಡಿಬಿಡಿಯಲ್ಲಿ, ತಿರುಗಿಸಲೆಂದು ಹಿಂದಕ್ಕೆ ಬಂದ ಟೆಂಪೋ ನಮ್ಮ ಕಾರಿನ ಬೆನ್ನಿಗೆ ಧಡ್ ಎಂದು ಬಡಿಯಿತು. ಡಿಕ್ಕಿ ಬಾಯಿ ತೆರೆದು ಮೇಲಕ್ಕೆದ್ದಿತು. ಚಾಲಕ ಬಿಳಿಚಿಕೊಂಡು, "ಚುಕಲಂ ಸಾಹೇಬ್, ಚುಕಲಂ," ಎಂದು ಮರಾಠಿಯಲ್ಲಿ ತಪ್ಪೊಪ್ಪಿಕೊಳ್ಳುತ್ತ ಕೈಮುಗಿದ. ಅಪ್ಪ ಅವನನ್ನು ತಬ್ಬಿಕೊಂಡರು. ಕಾಕಾ ನನ್ನ ಕಡೆ ನೋಡಿದರು: "ಕೇಳು ತಂಗಿ, ಕೇಳು. ಇದಕ್ಕ ಹೊಣಿ ಯಾರು?"

ಈ ಸಲ ನಾನೂ ನಕ್ಕೆ. ಊಟದ ಪಂಕ್ತಿಯಲ್ಲಿ ಕೇಳಿದ ಪ್ರಶ್ನೆಯನ್ನು ಮಾತ್ರ ನಾನು ಹಿಂತೆಗೆದುಕೊಂಡಿಲ್ಲ. ಅದು ಸರಿಯಾಗಿತ್ತು, ಇಂದಿಗೂ ಸರಿ. ಅವ್ವನನ್ನು ವರ್ಷಗಟ್ಟಲೆ ಒಲೆಯ ಮುಂದೆ ಕೂರಿಸಿದವರೂ ಅವರೇ, ಅವಳಿಗಾಗಿ ಬರಿಗಾಲಲ್ಲಿ ಓಡಿಬಂದವರೂ ಅವರೇ. ಎರಡನ್ನೂ ನೆನಪಿಡುವುದು ನ್ಯಾಯ. ಆ ಸಂಜೆ ಅವ್ವ ವೇದಿಕೆಯ ಮೇಲೆ ಪೇಟಿ ನುಡಿಸಿಕೊಂಡು ಹಾಡಿದಳು. ಮುಂದಿನ ಸಮಾರಂಭದಲ್ಲಿ ಕಾಕಾ ತಾವೇ ಹೋಳಿಗೆ ಬೇಯಿಸಲು ಕುಳಿತು ಹೆಂಚಿಗೆ ಹತ್ತಿಸಿದರು. ನಾನು ಅದಕ್ಕೂ ವಿವರಣೆ ಕೇಳಿದೆ. ಸುಟ್ಟದ್ದನ್ನೇ ಎರಡು ತಿಂದೆ. ಮುಂದೆ ಅಪ್ಪನಿಗೆ ಗುಲಬರ್ಗಾಕ್ಕೆ ಮರಳಿ ವರ್ಗವಾದಾಗ, ಸ್ವಂತ ಊರಿಗೆ ಹೊರಟ ಅವ್ವ ಪರಊರು ಬಿಡುವವಳಂತೆ ನಡೆದುಕೊಳ್ಳಲಿಲ್ಲ. ಔರಂಗಾಬಾದಿನ ಕೂಟದ ಒಬ್ಬೊಬ್ಬರ ಮನೆಗೂ ಹೋಗಿ, ಕೇಳಿದವರಿಗೆಲ್ಲ ಹಾಡಿ ಬಂದಳು.

ಕೆಳಗೆ ಬಡಿತ ಇನ್ನೂ ನಿಂತಿರಲಿಲ್ಲ. ನಾನು ಮೆಟ್ಟಿಲಿಳಿದು ಹೋದೆ. ಆ ಗೃಹಸ್ಥರು ಬೆವರೊರೆಸಿಕೊಂಡು, ನಾನು ಗದ್ದಲಕ್ಕೆ ಬೈಯಲು ಬಂದೆನೆಂದೇ ತಿಳಿದು ಒಂದು ಹೆಜ್ಜೆ ಹಿಂದೆ ಸರಿದರು. ಒಳಗೆ ಏನಿದೆ ಎಂದು ಮರಾಠಿಯಲ್ಲಿ ಕೇಳಿದೆ. ಹೆಂಡತಿಯ ಹೊಲಿಗೆ ಯಂತ್ರ, ಇಂದು ಅವಳು ಅಂಗಡಿ ತೆರೆಯುವ ದಿನ, ಎಂದರು. ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಮುಚ್ಚಳದ ಒಂದು ತುದಿಗೆ ಭುಜ ಕೊಟ್ಟೆ.