ಹಳೆಯ ಹಾರ್ಡ್ ಡಿಸ್ಕ್ ಕೇಳಲು ಹೋಗಿ

“ಹಳೇದು ಎಲ್ಲೈತಿ? ನೀನ ಇಟ್ಕೊಂಡಿಯೇನು ಕಳ್ಳಾ?” ಎಂದು ಕುಷ್ಟಗಿಯ ಕಂಪ್ಯೂಟರ್ ರಿಪೇರಿ ಅಂಗಡಿಯಲ್ಲಿ ನಾನು ಅಂಗಡಿಯವನಾದ ದಾದಾಪೀರನ ಮೇಲೆ ಜೋರು ಮಾಡಿದೆ. ಐದು ಮಂದಿ ಗಿರಾಕಿಗಳು ಅಲ್ಲೇ ನಿಂತಿದ್ದರು.

ನನ್ನ ಮೊಮ್ಮಗಳ ಕಂಪ್ಯೂಟರಿನಲ್ಲಿ ಜಾಗ ಸಾಲದೆ ಅವನು ದೊಡ್ಡದೊಂದು ಹೊಸ ಹಾರ್ಡ್ ಡಿಸ್ಕ್ ಹಾಕಿದ್ದ. ಹೊಲದ ಮೋಟಾರು ಸುಟ್ಟು ವೈಂಡಿಂಗ್ ಮಾಡಿಸಿದಾಗ, ಬಿಚ್ಚಿದ ತಾಮ್ರದ ತಂತಿಯನ್ನು ಕೇಳಿ ವಾಪಸ್ ತರುವವಳು ನಾನು. ಹಳೆಯ ಸಾಮಾನು ಕೈಗೆ ಕೊಡದಿದ್ದರೆ ರಿಪೇರಿಯವನು ನುಂಗಿದ್ದಾನೆ ಎಂದೇ ನನಗೆ ಗೊತ್ತಿದ್ದದ್ದು.

ಗಿರಾಕಿಗಳು ಅವನ ಮುಖ ನೋಡಿದರು. ಒಬ್ಬರು ರಿಪೇರಿಗೆ ತಂದಿದ್ದ ಲ್ಯಾಪ್‌ಟಾಪನ್ನು ಮತ್ತೆ ಚೀಲಕ್ಕೆ ಹಾಕಿಕೊಂಡು ನಡೆದರು. ಉಳಿದವರೂ ಹೊರಟುಹೋದರು.

ದಾದಾಪೀರ ಕಂಪ್ಯೂಟರಿನ ಡಬ್ಬಿಯ ಮುಚ್ಚಳ ತೆಗೆದು ನನ್ನ ಕಡೆ ತಿರುಗಿಸಿದ. ಒಳಗೆ ಎರಡು ಡಿಸ್ಕ್ ಇದ್ದವು.

“ಈಗ ಹೊಸದರ ಮ್ಯಾಲ ನಡೀತೈತ್ರಿ ಅವ್ವಾರ. ಮೊಮ್ಮಗಳ ಹಳೇ ಫೋಟೋ ಅದರಾಗ ಇರ್ಲಿ ಅಂತ ಹಳೇದೂ ಒಳಗ ಬಿಟ್ಟೀನಿ.”

“ತಪ್ಪಾತಪ್ಪಾ,” ಎಂದೆ.

“ನನಗ ಹೇಳಿದ್ರ ಏನ್ ಬಂತ್ರಿ? ಈಗ ಹೋದವ್ರಿಗೆ ಹೇಳ್ರಿ,” ಎಂದು ಅವನು ಸ್ಕ್ರೂ ಬಿಗಿಯತೊಡಗಿದ.

ಆ ಐದು ಮಂದಿಯಲ್ಲಿ ಇಬ್ಬರು ನಮ್ಮ ಓಣಿಯವರು. ಅವರ ಮನೆಗೆ ಹೋಗಿ ಹೇಳಿ ಬಂದೆ. ಉಳಿದ ಮೂವರು ಯಾವ ಊರಿನವರೋ ಗೊತ್ತಿಲ್ಲ. ಅವರು ಈ ಪತ್ರಿಕೆ ಓದುವವರಾದರೆ ತಿಳಿಯಲಿ: ದಾದಾಪೀರ ಏನನ್ನೂ ಕದ್ದಿಲ್ಲ. ನೋಡದೆ ಬಾಯಿ ಬಿಟ್ಟವಳು ನಾನು.