ಜಮಾದಾರನೂ ಬೀಗರೂಟವೂ

ನನ್ನ ಮೊಬೈಲಿನಲ್ಲಿ ಮೊಮ್ಮಗಳ ಮದುವೆಯ ಫೋಟೋಗಳಿಗಿಂತ ಒಂದು ಹುಂಜದ ಫೋಟೋಗಳೇ ಹೆಚ್ಚಿವೆ. ಇದನ್ನು ಮೊದಲೇ ಒಪ್ಪಿಕೊಂಡುಬಿಟ್ಟರೆ ಆಮೇಲೆ ನೀವು ನನ್ನನ್ನು ಆಡಿಕೊಳ್ಳುವುದಕ್ಕೆ ಏನೂ ಉಳಿಯುವುದಿಲ್ಲ. ಮನೆಗೆ ಬಂದವರಿಗೆ ಮದುವೆ ಫೋಟೋ ತೋರಿಸುತ್ತೇನೆ ಅಂತಲೇ ಶುರು ಮಾಡುತ್ತೇನೆ. ಚಪ್ಪರ ಆಯಿತು, ಧಾರೆ ಆಯಿತು, ಅಷ್ಟರಲ್ಲಿ ಬೆರಳು ಜಾರಿ ಅವನು ಬಂದುಬಿಡುತ್ತಾನೆ. ಎದೆ ಮುಂದೆ ಮಾಡಿಕೊಂಡು, ಒಂದು ಕಾಲು ಎತ್ತಿಕೊಂಡು, ಫೋಟೋ ತೆಗೆಯುವವಳ ಮೇಲೇ ಏನೋ ತಪ್ಪು ಕಂಡುಹಿಡಿದವನಂತೆ ನೋಡುತ್ತಿರುತ್ತಾನೆ. "ಇವ್ರು ಯಾರ ಕಡೆಯೋರು?" ಅಂತ ಒಬ್ಬರು ತಮಾಷೆ ಮಾಡಿದರು. "ನಮ್ಮ ಕಡೆಯೋರೇ" ಅಂದೆ.

ನಾನು ಓದಿದ್ದು ಮೂರನೇ ಕ್ಲಾಸು. ಈ ಬರಹದಲ್ಲಿ ಅಕ್ಷರ ತಪ್ಪಿದ್ದ ಕಡೆ ಮೊಮ್ಮಗಳು ರಮ್ಯ ತಿದ್ದಿದ್ದಾಳೆ. ಕೋಳಿ ವಿಷಯಕ್ಕೆ ಮಾತ್ರ ಕೈ ಹಾಕಕೂಡದು ಅಂತ ಹೇಳಿದ್ದೇನೆ. ಅದರಲ್ಲಿ ನಾನೇ ಎಂ.ಎ.

ನಮ್ಮದು ಹೂಟಗಳ್ಳಿ. ಹಿಂದೆ ಹೊಲ ಇದ್ದ ಕಡೆ ಈಗ ಫ್ಯಾಕ್ಟರಿ, ಫ್ಯಾಕ್ಟರಿ ಇಲ್ಲದ ಕಡೆ ಮಹಡಿ ಮನೆ. ನಮ್ಮ ಮನೆ ಪಕ್ಕದ ಒಂದು ಸೈಟು ಮಾತ್ರ ನಮ್ಮ ಹೆಸರಿನಲ್ಲೇ ಖಾಲಿ ಉಳಿದಿದೆ. ಅಲ್ಲಿ ಮನೆ ಕಟ್ಟಿ ಬಾಡಿಗೆಗೆ ಕೊಡಿ ಅಂತ ಹೇಳದ ನೆಂಟರಿಲ್ಲ. ಬಾಡಿಗೆಯವರು ಆಗಲೇ ಇದ್ದಾರಲ್ಲ, ಎರಡು ಕಾಲಿನವರೇ, ನೀರು ಬರಲಿಲ್ಲ ಅಂತ ಜಗಳ ಆಡುವುದಿಲ್ಲ ಅಂತ ನಾನು ಅನ್ನುತ್ತೇನೆ. ಎದುರು ಮನೆಯ ಹುಡುಗ ರಾತ್ರಿ ಪಾಳಿ ಮುಗಿಸಿ ಬಂದು ಮಲಗುವ ಹೊತ್ತಿಗೆ ನಮ್ಮವರು ಕೂಗಲು ಶುರು ಮಾಡುತ್ತಾರೆ. ಒಂದು ದಿನ ಕೆಂಪಗಿನ ಕಣ್ಣು ಬಿಟ್ಟುಕೊಂಡು ಜಗಳಕ್ಕೇ ಬಂದಿದ್ದ. ಕೂರಿಸಿ ಒಂದು ತಟ್ಟೆ ಸಾರು ಮುದ್ದೆ ಹಾಕಿದೆ. ಈಗ ಅವನಿಗೆ ಹುಂಜ ಕೂಗದಿದ್ದರೇ ನಿದ್ದೆ ಬರುವುದಿಲ್ಲವಂತೆ.

ಈ ಕೋಳಿಗಳು ಮೊದಲಿಂದಲೂ ಹೀಗಿರಲಿಲ್ಲ. ನಮ್ಮ ಯಜಮಾನರು ಮೇಟಗಳ್ಳಿಯ ಫ್ಯಾಕ್ಟರಿಯಿಂದ ರಿಟೈರಾದ ವರ್ಷ ಅಂಗಡಿ ಕೋಳಿಯ ತುಂಡು ಬಾಯಿಗಿಟ್ಟು, "ಇದೇನೆ ಇದು, ದಿಂಬಿನ ಹತ್ತಿ ಬೇಯ್ಸಿದ್ದೀಯ?" ಅಂದರು. ಹತ್ತಿ ಅನ್ನಿಸಿಕೊಂಡ ಮೇಲೆ ನನಗೂ ರೋಷ ಬಂತು. ತವರಿಂದ ಒಂದು ಹುಂಜ, ಮೂರು ಯಾಟೆ ತಂದೆ. ಯಾಟೆ ಅಂದರೆ ಹೆಣ್ಣು ಕೋಳಿ, ಪೇಟೆಯಲ್ಲೇ ಹುಟ್ಟಿ ಬೆಳೆದವರಿಗೆ ಹೇಳುತ್ತಿದ್ದೇನೆ. ತಂದ ಕೋಳಿಗಳು ನೋಡೋಕೆ ಚೆಂದ, ತಿನ್ನೋಕೂ ಚೆಂದ. ಆದರೆ ವರ್ಷ ವರ್ಷಕ್ಕೆ ಮರಿಗಳು ಸಣ್ಣಗಾಗುತ್ತ ಬಂದವು. ಕೊನೆಗೆ ಒಂದು ಹುಂಜ ಕುಯ್ದರೆ ಸಾರಿನಲ್ಲಿ ಹುಡುಕಬೇಕು, ಹಾಗಾಯಿತು. ಮೇವು ಬದಲಾಯಿಸಿದೆ, ಗೂಡು ಬದಲಾಯಿಸಿದೆ, ದೃಷ್ಟಿ ತೆಗೆದೆ. ಫ್ಯಾಕ್ಟರಿ ಹೊಗೆಯನ್ನು ಬೈದೆ. ಏನೂ ಆಗಲಿಲ್ಲ.

ಒಂದು ದಿನ ಗೂಡು ಗುಡಿಸುತ್ತಿದ್ದಾಗ ನನಗೇ ಹೊಳೆಯಿತು. ಹೊಳೆದದ್ದಕ್ಕೆ ಪೊರಕೆ ಹಿಡಿದುಕೊಂಡೇ ನಕ್ಕೆ. ನಾವು ಮಾಡುತ್ತಿದ್ದುದೇನು? ಮಾರಮ್ಮನ ಹಬ್ಬ ಬಂದರೆ ಎಲ್ಲಕ್ಕಿಂತ ದಪ್ಪಗಿರುವ ಹುಂಜ ಅಮ್ಮನಿಗೆ. ಅಳಿಯ ಬಂದರೆ ಅದರ ನಂತರದ್ದು ಅಳಿಯನಿಗೆ. ಬೀಗರು ಬಂದರೆ ಮತ್ತೆ ಇದ್ದುದರಲ್ಲಿ ಒಳ್ಳೆಯದು. ದೇವರಿಗೂ ನೆಂಟರಿಗೂ ಚೆನ್ನಾಗಿರುವುದನ್ನೇ ಕೊಡಬೇಕು, ಕೊಡದಿದ್ದರೆ ಮಾನವಿಲ್ಲ. ಎಲ್ಲರಿಗೂ ಕೊಟ್ಟು ಮಿಕ್ಕುತ್ತಿದ್ದವನು ಯಾರು? ಯಾರಿಗೂ ಬೇಡದ, ಕತ್ತಲಲ್ಲಿ ಕೈಗೆ ಸಿಗದ, ಒಣಕಲು ಹುಂಜ. ಮುಂದಿನ ಸಂತಾನಕ್ಕೆಲ್ಲ ಅವನೇ ಅಪ್ಪ! ಊರಿನ ಚೆಂದದ ಗಂಡುಗಳನ್ನೆಲ್ಲ ತಿಂದು ಮುಗಿಸಿ, ಮೂಲೆಯಲ್ಲಿ ಅಡಗಿ ಉಳಿದವನಿಗೆ ಹೆಣ್ಣು ಕೊಡುತ್ತಿದ್ದೆವು. ಆಮೇಲೆ ಮಕ್ಕಳು ಯಾಕೆ ಹೀಗೆ ಅಂತ ದೃಷ್ಟಿ ತೆಗೆಯುತ್ತಿದ್ದೆವು.

ಆ ವರ್ಷದ ಹಬ್ಬಕ್ಕೆ ಗುಡಿಯ ಮುಂದೆ ನಿಂತು, "ತಾಯಿ, ಈ ಸಲದಿಂದ ನಿನಗೆ ಎರಡನೇದು. ಮೊದಲನೇದು ಮನೇಲಿರ್ಲಿ. ಸ್ವಲ್ಪ ತಡ್ಕೊ, ಮುಂದೆ ನಿನ್ನ ಎರಡನೇದೇ ಈಗಿನ ಮೊದಲನೇದಕ್ಕಿಂತ ದಪ್ಪಗಿರುತ್ತೆ" ಅಂದೆ. ಅಮ್ಮ ಏನೂ ಅನ್ನಲಿಲ್ಲ. ಪಕ್ಕದಲ್ಲಿದ್ದ ನಮ್ಮೆಜಮಾನರು ಮಾತ್ರ, "ಇವ್ಳು ದೇವ್ರ ಹತ್ರನೂ ಚೌಕಾಸಿ ಮಾಡ್ತಾಳಲ್ಲಪ್ಪ" ಅಂತ ತಲೆ ಚಚ್ಚಿಕೊಂಡರು.

ಅಲ್ಲಿಂದ ಆರಿಸುವುದನ್ನು ಕಲಿತೆ. ಸಂಜೆ ಕೋಳಿಗಳು ಅಡ್ಡಕೋಲಿನ ಮೇಲೆ ಕೂತ ಮೇಲೆ ಮೆತ್ತಗಿರುತ್ತವೆ. ಆಗ ಒಂದೊಂದನ್ನೇ ಕೈಗೆ ತೆಗೆದುಕೊಂಡು ಎದೆಮೂಳೆಯ ಎರಡೂ ಕಡೆ ಬೆರಳಿಟ್ಟು ನೋಡಬೇಕು. ಮೂಳೆ ಈಳಿಗೆಮಣೆಯ ಅಲುಗಿನ ಹಾಗೆ ಎದ್ದು ನಿಂತಿದ್ದರೆ ಅವನ ದಾರಿ ಸಾರಿನ ಕಡೆಗೆ. ಎರಡೂ ಕಡೆ ಮಾಂಸ ತುಂಬಿ, ಮೂಳೆ ನೆಟ್ಟಗೆ ಉದ್ದಕ್ಕೆ ಇದ್ದರೆ ನಿಲ್ಲಿಸಿ ಕಾಲು ನೋಡಬೇಕು. ಎರಡು ಕಾಲಿನ ನಡುವೆ ನನ್ನ ಅಂಗೈ ಹಿಡಿಸಬೇಕು. ಕಾಲು ಹತ್ತಿರವಿದ್ದರೆ ಎದೆಯೂ ಇಕ್ಕಟ್ಟು. ಬೇಗ ಬೇಗ ಊದಿಕೊಳ್ಳುವವನನ್ನು ನಂಬುವುದಿಲ್ಲ, ಮೊದಲು ಮೂಳೆ ಬೆಳೆಸಿ ಆಮೇಲೆ ಮೈ ತುಂಬಿಕೊಳ್ಳುವವನು ಬೇಕು. ಮಕ್ಕಳ ಮೈಮೇಲೆ ಹಾರುವ ಮುಂಗೋಪಿ ಎಷ್ಟೇ ದಪ್ಪಗಿರಲಿ, ಬೇಡ. ಇನ್ನು ಯಾಟೆಗೆ ಬೇರೆ ಪರೀಕ್ಷೆ. ಕಾವು ಬಿಡದೆ ಕೂರುತ್ತಾಳಾ, ಹದ್ದಿನ ನೆರಳು ಬಿದ್ದರೆ ಮರಿಗಳ ಮೇಲೆ ರೆಕ್ಕೆ ಹರಡುತ್ತಾಳಾ? ಪಾಸಾದವರ ಕಾಲಿಗೆ ಒಂದು ಸುತ್ತು ಹಸಿರು ವೈರು. ವೈರಿಲ್ಲದವರು ಯಾವತ್ತಾದರೂ ಒಂದು ಭಾನುವಾರ ಹೋಗುವವರು.

ಇದನ್ನೆಲ್ಲ ಮಾಡುವಾಗ ನಮ್ಮ ಕಡೆ ಹೆಣ್ಣು ಗಂಡು ನೋಡುವ ಶಾಸ್ತ್ರ ನೆನಪಾಗಿ ನಗು ಬರುತ್ತದೆ. ಹುಡುಗ ಎದ್ದು ಓಡಾಡಲಿ ಅನ್ನುತ್ತೇವೆ, ಯಾವ ಬಳ್ಳಿ, ಯಾವ ವಂಶ ಅಂತ ಕೇಳುತ್ತೇವೆ, ಒಂದೇ ಬಳ್ಳಿ ಆದರೆ ಬೇಡ ಅನ್ನುತ್ತೇವೆ. ಕೋಳಿಗೂ ಅದೇ. ಒಂದೇ ತಾಯಿಯ ಮಕ್ಕಳನ್ನು ಕೂಡಿಸಬಾರದು ಅಂತ ನನ್ನ ತಂಗಿಯ ಮನೆಯಿಂದ ಹೊಸ ರಕ್ತದ ಹುಂಜ ತಂದೆ, ನಮ್ಮದನ್ನು ಅವಳಿಗೆ ಕೊಟ್ಟೆ. ಒಂದೇ ವ್ಯತ್ಯಾಸ, ಹುಡುಗನ ಎದೆಮೂಳೆ ಮುಟ್ಟಿ ನೋಡಲು ಬಿಡುವುದಿಲ್ಲ. ಬಿಟ್ಟಿದ್ದರೆ ನಮ್ಮ ಕೆಲವು ಸಂಬಂಧಗಳಲ್ಲಿ ಅನುಕೂಲವಾಗುತ್ತಿತ್ತು.

ಆ ಹೊಸ ರಕ್ತದಲ್ಲಿ ಹುಟ್ಟಿದವನೇ ಜಮಾದಾರ. ಹೆಸರಿಟ್ಟವರು ಯಜಮಾನರು. ಬೆಳಿಗ್ಗೆ ಗೂಡಿನ ಬಾಗಿಲು ತೆಗೆದರೆ ಅವನು ಬೇರೆಯವರ ಹಾಗೆ ಮೇವಿಗೆ ಓಡುವುದಿಲ್ಲ. ಸೈಟಿನ ಸುತ್ತ ಒಂದು ಸುತ್ತು ಹಾಕಿ, ಎಲ್ಲ ಸರಿಯಾಗಿದೆಯೋ ಅಂತ ನೋಡಿ, ಯಾಟೆಗಳನ್ನು ಕರೆದು ತಿನ್ನಿಸಿ, ಆಮೇಲೆ ತಾನು ಬಾಯಿ ಹಾಕುವುದು. ಬಣ್ಣ ಬೆಲ್ಲದ ಪಾಕದ್ದು. ಕೈಗೆ ಎತ್ತಿಕೊಂಡರೆ ಕೂಸಿನ ಭಾರ. ಮುಖ್ಯವಾದ ಮಾತೆಂದರೆ ಅವನ ಮರಿಗಳೆಲ್ಲ ಅವನ ಹಾಗೇ ತುಂಬಿಕೊಂಡು ಬಂದವು. ಚೆಂದದ ಅಪ್ಪನಿಗೆ ಚೆಂದದ ಮಗ ಹುಟ್ಟಿಯೇ ಹುಟ್ಟುತ್ತಾನೆ ಅಂತ ಯಾರೂ ಬರೆದುಕೊಡುವುದಿಲ್ಲ. ಮರಿ ಬೆಳೆದ ಮೇಲೇ ಅಪ್ಪ ಪಾಸೋ ಫೇಲೋ ಗೊತ್ತಾಗುವುದು. ಇಷ್ಟು ವರ್ಷದಲ್ಲಿ ಪೂರಾ ಪಾಸಾದವನು ಇವನೊಬ್ಬನೇ.

ಅಂಥವನ ಕುತ್ತಿಗೆಗೆ ಬಂತು ನೋಡಿ ಮೊಮ್ಮಗಳ ಮದುವೆ.

ರಮ್ಯ ನನ್ನ ಮಗಳು ಶೋಭಾಳ ಮಗಳು. ಅವರ ಮನೆ ಸರಸ್ವತಿಪುರಂನಲ್ಲಿ. ನಿಶ್ಚಿತಾರ್ಥಕ್ಕೆ ಮುಂಚೆ ಗಂಡಿನ ಕಡೆಯವರು ನಮ್ಮ ಮನೆಗೂ ಬಂದಿದ್ದರು. ಹುಡುಗನ ಅಜ್ಜಿ ಪುಟ್ಟಮ್ಮನವರು, ಮೇಟಗಳ್ಳಿಯ ಆಚೆ ಹಿತ್ತಲಿರುವ ಮನೆಯವರು, ಕಾಫಿ ಲೋಟ ಹಿಡಿದುಕೊಂಡೇ ಸೈಟಿಗೆ ಬಂದುಬಿಟ್ಟರು. ಜಮಾದಾರನನ್ನು ನೋಡಿ, "ಇದೇನ್ರೀ, ಹುಂಜಾನೋ ಕರುವೋ! ಬೀಗರೂಟಕ್ಕೆ ಇದನ್ನೇ ಕುಯ್ರಿ, ನಮಗೆ ಇನ್ನೇನೂ ಬ್ಯಾಡಿ" ಅಂದರು. ಮದುವೆಯಾದ ಮೇಲೆ ಹೆಣ್ಣಿನ ಕಡೆಯವರು ಗಂಡಿನ ಕಡೆಯವರನ್ನು ಕರೆದು ಬಾಡೂಟ ಹಾಕುತ್ತೇವಲ್ಲ, ಆ ಊಟಕ್ಕೆ. ನಮ್ಮೆಜಮಾನರು ನನ್ನ ಮುಖವನ್ನೂ ನೋಡದೆ, "ಆಯ್ತು ಬುಡಿ, ನಿಮಗಿಂತ ಹೆಚ್ಚಾ!" ಅಂದುಬಿಟ್ಟರು.

ಬೀಗರು ಹೋದ ಮೇಲೆ ನಮ್ಮ ಮನೆಯಲ್ಲಿ ಕುರುಕ್ಷೇತ್ರ. "ಮಾತು ಕೊಟ್ಬುಟ್ಟಿದೀನಿ ಕಣೆ" ಅಂತ ಅವರು. "ಕೊಟ್ಟ ಮಾತು ನಿಮ್ಮದು, ಹುಂಜ ನನ್ನದು" ಅಂತ ನಾನು. ಶೋಭಾ ಅಳುವ ಹಾಗಾದಳು. "ಅಮ್ಮ, ಒಂದು ಕೋಳಿಗೋಸ್ಕರ ನನ್ನ ಮಗಳು ಅತ್ತೆ ಮನೇಲಿ ಮಾತು ಕೇಳ್ಬೇಕಾ? ಹುಂಜ ಬಚ್ಚಿಟ್ಟವರ ಮನೆ ಹುಡುಗಿ ಅಂತ ಜನ್ಮ ಪೂರ್ತಿ ಅಂತಾರೆ." ಆ ಮಾತು ಮಾತ್ರ ನನ್ನ ಎದೆಗೆ ನಾಟಿತು. ರಮ್ಯಳನ್ನು ಆಡಿಸಿದ್ದು ನಾನು, ಅವಳ ಮೊದಲ ತುತ್ತು ನನ್ನ ಕೈಯಿಂದ. ಅವಳಿಗಿಂತ ಹುಂಜ ದೊಡ್ಡದಾ? ಅಲ್ಲ. ಹಾಗಂತ ಇಷ್ಟು ವರ್ಷ ಆರಿಸಿ ಆರಿಸಿ ಕಟ್ಟಿದ ಬಳ್ಳಿಯನ್ನು ಒಂದು ಮಧ್ಯಾಹ್ನದ ಊಟಕ್ಕೆ ಕತ್ತರಿಸಿಬಿಡಲಾ? ಮತ್ತೆ ಅದೇ ಹಳೆಯ ತಪ್ಪಿಗೇ ಬರಲಾ? ಜಮಾದಾರನಿಗೆ ಮೇವು ಹಾಕಲು ಹೋದರೆ ಅವನು ಯಾಟೆಗಳನ್ನು ಕರೆಯುತ್ತಿದ್ದ. ನನಗೆ ಅವನ ಮುಖ ನೋಡಲು ಆಗುತ್ತಿರಲಿಲ್ಲ.

ಕೊನೆಗೆ ರಮ್ಯಳನ್ನೇ ಕೇಳಿದೆ. ಅವಳು, "ಅಜ್ಜಿ, ಅವನನ್ನ ಬಚ್ಚಿಡಬೇಡ, ಅಷ್ಟೇ. ಬಚ್ಚಿಟ್ರೆ ಕಳ್ಳತನ ಆಗುತ್ತೆ. ಎದುರಿಗೇ ಬಿಟ್ಟು ಹೇಳು" ಅಂದಳು. ನನ್ನ ಮೊಮ್ಮಗಳು ಅಂತ ಆವತ್ತು ಇನ್ನೊಂದು ಸಲ ಗೊತ್ತಾಯಿತು.

ಮದುವೆ ಮುಗಿದು, ನಮ್ಮ ಮನೆಯಲ್ಲೇ ಇಟ್ಟುಕೊಂಡ ಬೀಗರೂಟದ ದಿನ ಜಮಾದಾರನ ವೈರಿಲ್ಲದ ಮಕ್ಕಳನ್ನು ಕುಯ್ದೆವು. ಅರಿಶಿನ ಹಚ್ಚಿ ಬೆಂಕಿಯಲ್ಲಿ ಬಾಡಿಸಿ, ಗಸಗಸೆ ಕೊಬ್ಬರಿ ಹುರಿದು ರುಬ್ಬಿ, ಸೌದೆ ಒಲೆಯ ಮೇಲೆ ನಾನೇ ಕೂತು ಬೇಯಿಸಿದೆ. ಅವರಪ್ಪ ಜಮಾದಾರ ಹೊರಗೆ ಸುತ್ತು ಹಾಕುತ್ತಿದ್ದ. ಬೀಗರು ಬಂದರು. ಪುಟ್ಟಮ್ಮನವರು ಚಪ್ಪಲಿ ಬಿಡುವುದಕ್ಕೆ ಮುಂಚೆಯೇ ಅವನನ್ನು ಕಂಡರು.

"ಇದ್ಯಾಕ್ರೀ, ಇವ್ನು ಇಲ್ಲೇ ಅವ್ನೆ? ಅಂಗಾರೆ ಇವತ್ತು ನಮಗೆ ಹಾಕೋದು ಯಾರ್ನ?"

ಶೋಭಾ ಗೋಡೆಗೆ ಆತುಕೊಂಡಳು. ಯಜಮಾನರು ಆಕಾಶ ನೋಡಿದರು, ಅಲ್ಲಿಂದ ಯಾರಾದರೂ ಉತ್ತರ ಕೊಡಲಿ ಅನ್ನುವ ಹಾಗೆ.

"ಅವನ ಮಕ್ಕಳನ್ನ" ಅಂದೆ. "ಮಕ್ಕಳನ್ನ ತಿಂದು ನೋಡಿ ಅಪ್ಪ ಎಂಥೋನು ಅಂತ ನೀವೇ ಹೇಳಿ. ಸಾರು ಚೆನ್ನಾಗಿಲ್ಲ ಅಂದ್ರೆ ಇವನನ್ನ ಈಗಲೇ ನಿಮ್ಮ ಎದುರಿಗೇ ಕುಯ್ತೀನಿ." ಹೇಳುವುದು ಹೇಳಿಬಿಟ್ಟು ಸೌಟು ಕೈಗೆ ತೆಗೆದುಕೊಂಡೆ.

ಎಲೆ ಹಾಕಿದೆವು. ಮುದ್ದೆ ಬಂತು, ಸಾರು ಬಂತು. ಪುಟ್ಟಮ್ಮನವರು ಮುದ್ದೆ ಮುರಿದು ಸಾರಿಗೆ ಅದ್ದಿ ನುಂಗಿದರು. ತುಂಡು ಕಚ್ಚಿದರು. ನಾನು ಸೌಟು ಹಿಡಿದುಕೊಂಡು ನಿಂತೇ ಇದ್ದೆ. ಮೂಳೆ ಚೀಪಿದರು, ಅದನ್ನು ಎಲೆಯ ಅಂಚಿಗೆ ಇಟ್ಟರು, ಮತ್ತೆ ಕೈ ಚಾಚಿ, "ಇನ್ನೊಂದು ಸೌಟು ಬುಡಮ್ಮ" ಅಂದರು. ಬುಡಮ್ಮ! ಅಲ್ಲಿಯವರೆಗೆ ನಾನು ಅವರಿಗೆ ರೀ ಆಗಿದ್ದೆ.

ಕೈ ತೊಳೆದವರು ನೇರ ಸೈಟಿಗೆ ನಡೆದರು. ಜಮಾದಾರನನ್ನು ಗಬಕ್ಕನೆ ಹಿಡಿದು, ಎತ್ತಿ, ಎದೆಮೂಳೆಯ ಎರಡೂ ಕಡೆ ಬೆರಳಿಟ್ಟರು. ಆಮೇಲೆ ಕಾಲಿನ ನಡುವೆ ಅಂಗೈ. ನೋಡಿದ ನನ್ನ ಕಣ್ಣು ತುಂಬಿ ಬಂತು. ಈ ಹೆಂಗಸಿಗೆ ಗೊತ್ತು!

"ಇವನ್ನ ಕುಯ್ದಿದ್ರೆ ನಿನ್ನಂಥ ದಡ್ಡಿ ಇನ್ನೊಬ್ಳಿಲ್ಲ ಅಂತಿದ್ದೆ ಕಣಮ್ಮ" ಅಂದರು.

"ಕುಯ್ಯಿ ಅಂದೋರು ನೀವೇ ಅಲ್ವಾ?"

"ನಾನು ಅಂದಿದ್ದು ನಾಲಿಗೆ ಚಪಲಕ್ಕೆ. ಅಂದೋರು ಅಂದ್ರು ಅಂತ ಕುಯ್ದುಬುಡದಾ? ನಮ್ಮನೇಲಿ ಹಂಗೇ ಮಾಡಿ ಮಾಡಿ ಈಗ ಇರೋವೆಲ್ಲ ಕಾಗೆ ಗಾತ್ರ." ಅಂದು, ಜಮಾದಾರನನ್ನು ಕೆಳಗಿಳಿಸದೆಯೇ, ದನಿ ತಗ್ಗಿಸಿ, "ಒಂದು ಕಾವಿಗೆ ಆಗೋಷ್ಟು ಮೊಟ್ಟೆ ಕೊಡ್ತೀಯಾ?" ಅಂದರು.

ಕೊಡದೆ ಇರುತ್ತೇನೆಯೇ! ಸಂಜೆ ರಮ್ಯಳಿಗೆ ಮಡಿಲು ತುಂಬುವಾಗ ಅಕ್ಕಿಯ ಮಧ್ಯೆ ಗುಳಿ ಮಾಡಿ ಹಸಿರು ವೈರಿನ ಯಾಟೆಗಳ ಮೊಟ್ಟೆಗಳನ್ನು ಒಂದಕ್ಕೊಂದು ತಾಗದ ಹಾಗೆ ಹೂತೆ. ಮೇಲೆ ಅಕ್ಕಿ, ಅದರ ಮೇಲೆ ಬೆಲ್ಲ, ಕೊಬ್ಬರಿ, ಎಲೆ ಅಡಿಕೆ. ಶೋಭಾ ಅಳುತ್ತಿದ್ದಳು, ಎಲ್ಲರೂ ಅಳುತ್ತಿದ್ದರು. ನಾನು ಮಾತ್ರ, "ರೋಡಿನ ಹಂಪು ಬಂದಾಗ ಕಾರು ನಿಧಾನ ಕಣಪ್ಪ, ಮಡಿಲಲ್ಲಿ ಮೊಟ್ಟೆ ಇದೆ" ಅಂತ ಮೊಮ್ಮಗಳ ಗಂಡನಿಗೆ ಹೇಳುತ್ತಿದ್ದೆ. ಮೈಸೂರಿನಲ್ಲಿ ಯಾವ ಮದುಮಗಳೂ ಅಷ್ಟು ನಿಧಾನವಾಗಿ ಗಂಡನ ಮನೆಗೆ ಹೋಗಿರಲಾರಳು.

ಮೊಟ್ಟೆ ಮರಿಯಾಯಿತು, ಮರಿ ಹುಂಜವಾಯಿತು. ರಮ್ಯ ವಿಡಿಯೋ ಕಳಿಸುತ್ತಲೇ ಇರುತ್ತಾಳೆ. ಮೇಟಗಳ್ಳಿಯ ಆಚೆಯ ಆ ಹಿತ್ತಲಲ್ಲಿ ಬೆಲ್ಲದ ಪಾಕದ ಬಣ್ಣದ ಒಬ್ಬ ಹುಡುಗ, ಮೇವು ಕಂಡರೂ ಓಡದೆ, ಗೋಡೆಯ ಉದ್ದಕ್ಕೂ ಒಂದು ಸುತ್ತು ಹಾಕಿ ಬರುತ್ತಾನೆ. ಅದನ್ನು ನೋಡಿ ನಾನು ಯಜಮಾನರ ಮುಂದೆ ಹಿಡಿದರೆ ಅವರು, "ಮಾತು ಕೊಟ್ಟಿದ್ದಕ್ಕೇ ಇಷ್ಟೆಲ್ಲ ಆಯ್ತು" ಅಂತ ಗೆಲುವಿನಲ್ಲಿ ಪಾಲು ಕೇಳುತ್ತಾರೆ. ಹೋಗಲಿ, ಒಂದು ತುಂಡು ಕೊಡೋಣ.

ಮೊನ್ನೆ ಪುಟ್ಟಮ್ಮನವರ ಫೋನು ಬಂತು. ಗಾಬರಿಯ ದನಿ. "ನೋಡಮ್ಮ, ಮಾರಮ್ಮನ ಹಬ್ಬ ಬಂದ್ಬುಡ್ತು. ನಮ್ಮನೆಯೋರು ಆ ದೊಡ್ಡ ಹುಂಜನೇ ಕೊಡ್ಬೇಕು ಅಂತ ಕತ್ತಿ ಮಸೀತಾ ಕೂತವ್ರೆ. ಏನ್ ಮಾಡ್ಲಿ?"

"ಎರಡನೇದು ಕೊಡಿ" ಅಂದೆ. "ಅಮ್ಮನ ಹತ್ರ ನಾನು ಆಗಲೇ ಮಾತಾಡಿದೀನಿ."