ಷಡ್ಡಕರ ಶೇರುಗಳು

ಬೆಳಗಿನ ಚಹಾದ ಜೊತೆ ಮೊಬೈಲಿನಲ್ಲಿ ಶೇರುಪೇಟೆಯ ಕೆಂಪು ಅಂಕಿಗಳನ್ನು ನೋಡುವುದು ಈಚೆಗೆ ನನಗಂಟಿದ ಚಟ. ನನ್ನ ಹೆಸರಿನಲ್ಲಿ ಒಂದೇ ಒಂದು ಶೇರೂ ಇರಲಿಲ್ಲ. ಆದರೂ ಪೇಟೆ ಕುಸಿದ ದಿನ ಚಹಾಕ್ಕೆ ಸಕ್ಕರೆ ಬೇಕೆನಿಸುತ್ತಿರಲಿಲ್ಲ. ಇದು ಶುದ್ಧ ಹೊಟ್ಟೆಕಿಚ್ಚು ಎಂದು ನಿಮ್ಮೆದುರು ಒಪ್ಪಿಕೊಳ್ಳಲು ನನಗೆ ಸಂಕೋಚವಿಲ್ಲ.

ಕಿಚ್ಚಿನ ಮೂಲ ರಬಕವಿಯಲ್ಲಿದೆ. ನನ್ನ ಹೆಂಡತಿಯ ತಂಗಿಯ ಗಂಡ, ಅಂದರೆ ನನ್ನ ಷಡ್ಡಕ, ಮಲ್ಲಪ್ಪನವರು ಅಲ್ಲಿ ಸೀರೆ ವ್ಯಾಪಾರಿ. ಆಷಾಢದಲ್ಲಿ ಮದುವೆಗಳಿಲ್ಲದೆ ಸೀರೆ ಕೇಳುವವರೇ ಇಲ್ಲದಾಗ ನೇಕಾರರಿಂದ ಅಗ್ಗಕ್ಕೆ ಕೊಂಡು ಕಪಾಟು ತುಂಬಿಕೊಂಡು, ಲಗ್ನದ ಸುಗ್ಗಿ ಬರುವವರೆಗೆ ತಣ್ಣಗೆ ಕೂರುವುದು ಅವರ ಮನೆತನದ ಪದ್ಧತಿ. ಹಿಂದೊಮ್ಮೆ ಪೇಟೆ ಬಿದ್ದಾಗ ಶೇರುಗಳನ್ನೂ ಹಾಗೆಯೇ ಕೊಳ್ಳಲು ಹೊರಟು, ಜಮಖಂಡಿಯ ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸುವ ನನ್ನ ಸಲಹೆ ಕೇಳಿದ್ದರು. ನಾನು ಅಪಾಯ, ಅನಿಶ್ಚಿತತೆ, ವಿವೇಕ ಎಂದು ಪೂರ್ತಿ ಒಂದು ಪಿರಿಯಡ್ ಕೊರೆದೆ. ಅವರು ಗೌರವದಿಂದ ಕೇಳಿಸಿಕೊಂಡು, ಶೇರು ಕೊಂಡೇಬಿಟ್ಟರು. ಪೇಟೆ ಮತ್ತೆ ಎದ್ದು, ಅವರ ದುಡ್ಡು ಹಲವು ಪಟ್ಟಾಯಿತು. ಈಗ ಮುಧೋಳದ ಮಾವನ ಮನೆಯಲ್ಲಿ ಹಿರಿಯ ಅಳಿಯನಾದ ನನಗೆ ಮೊದಲ ಹೋಳಿಗೆ ಬೀಳುತ್ತದೆ. ಮೊದಲ ಪ್ರಶ್ನೆ ಮಾತ್ರ ಅವರಿಗೆ. ಹೊಲ ಕೊಳ್ಳುವ ವಿಚಾರವಿರಲಿ, ಎಮ್ಮೆ ಮಾರುವ ವಿಚಾರವಿರಲಿ, ಮಾವನವರು ಅತ್ತ ತಿರುಗಿ ಕೇಳುವಾಗ ನಾನು ಹೋಳಿಗೆಗೆ ತುಪ್ಪ ಹಚ್ಚುತ್ತ ಕೂರುತ್ತೇನೆ.

ಹಾಗಾಗಿ ಈ ಸಲ ಪೇಟೆ ಮಕಾಡೆ ಮಲಗಿದಾಗ ಸಾಂತ್ವನ ಹೇಳುವ ನೆಪದಲ್ಲಿ ಫೋನು ಮಾಡಿದೆ. "ಲುಕ್ಸಾನು ಭಾಳ ಆತೇನ್ರೀ?" ಎಂದು ದನಿ ತಗ್ಗಿಸಿದೆ.

"ಆಗೇತ್ರಿ ಅಣ್ಣಾರ. ಆದ್ರ ಅವತ್ತ ನೀವು ಹೇಳಿದ್ದು ಖರೆ ಇತ್ತ ನೋಡ್ರಿ. ನಿಮ್ಮ ಮಾತ ಕೇಳಿ ಅರ್ಧಾ ರೊಕ್ಕ ಬ್ಯಾಂಕಿನ್ಯಾಗ ಇಟ್ಟಿದ್ದೆ. ಈಗ ಅದರಾಗ ಮತ್ತ ತಗೊಳ್ಳಾಕತ್ತೇನಿ. ನಿಮ್ಮಿಂದ ಭಾಳ ಉಪಕಾರ ಆತು."

ನನ್ನದೇ ಉಪದೇಶ ನನ್ನನ್ನು ಇದ್ದಲ್ಲೇ ಇಟ್ಟು, ಅವರನ್ನು ಎರಡನೆಯ ಸಲ ಶ್ರೀಮಂತರಾಗಿಸಲು ಹೊರಟಿತ್ತು.

ಇನ್ನು ತಡೆಯಲಾಗಲಿಲ್ಲ. ನಮ್ಮಲ್ಲಿ ಇದ್ದದ್ದು, ಸೋರುವ ಅಡುಗೆಮನೆಯನ್ನು ಹೊಸದಾಗಿ ಕಟ್ಟಿಸಲೆಂದು ಹೆಂಡತಿ ವರ್ಷಗಟ್ಟಲೆ ಕೂಡಿಟ್ಟ ಹಣ ಮಾತ್ರ. ಶೇರು ಕೊಳ್ಳಲು ಅದನ್ನೇ ಕೇಳಿದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, "ಮಲ್ಲಪ್ಪಾರು ತಗೊಂಡ್ರಂತ ತಗೊಳ್ಳಾಕತ್ತಿದ್ರ ಬ್ಯಾಡ್ರಿ. ಖರೇನ ಛಲೋ ಅದಾವ ಅನಸಿದ್ರ ತಗೊಳ್ರಿ," ಎಂದಳು.

"ಖರೇನ ಛಲೋ ಅದಾವ," ಎಂದೆ. ಇಷ್ಟು ವರ್ಷ ಪಾಠ ಹೇಳಿ ಪಳಗಿದ ನಾಲಿಗೆ ತಡವರಿಸಲಿಲ್ಲ. ಷಡ್ಡಕರು ಯಾವ ಶೇರು ಕೊಂಡಿದ್ದರೋ ಕೇಳಿ ತಿಳಿದು, ಅವನ್ನೇ ಖರೀದಿಸಿದೆ. ಅವುಗಳ ಗುಣಾವಗುಣ ವಿಚಾರಿಸುವ ವ್ಯವಧಾನ ಅರ್ಥಶಾಸ್ತ್ರದ ಮೇಷ್ಟ್ರಿಗೆ ಇರಲಿಲ್ಲ.

ಮರುದಿನ ಪೇಟೆ ಇನ್ನಷ್ಟು ಬಿತ್ತು. ಅದರ ಮರುದಿನವೂ ಬಿತ್ತು. ಈಗ ಚಹಾ ಮುಂದಿಟ್ಟುಕೊಂಡು, ಅಡುಗೆಮನೆಯ ಕಡೆ ಕಣ್ಣೆತ್ತಿ ನೋಡುವ ಧೈರ್ಯವಿಲ್ಲದೆ, ಆ ಶೇರುಗಳು ಏರಲಿ ಎಂದು ದೇವರನ್ನು ಬೇಡುತ್ತೇನೆ. ಬೇಡುವಾಗಲೇ ನೆನಪಾಗುತ್ತದೆ: ಅವರ ಬಳಿ ನನ್ನವುಗಳ ಹತ್ತರಷ್ಟು ಶೇರುಗಳಿವೆ; ನನಗೊಂದು ರೂಪಾಯಿ ಬರಬೇಕಾದರೆ ಅವರಿಗೆ ಹತ್ತು ಬರಲೇಬೇಕು. ಷಡ್ಡಕನಾದ ಇಷ್ಟು ವರ್ಷಗಳಲ್ಲಿ ಮೊದಲ ಸಲ, ಮಲ್ಲಪ್ಪನವರಿಗೆ ಒಳ್ಳೆಯದಾಗಲಿ ಎಂದು ಮನಸಾರೆ ಹಾರೈಸುತ್ತಿದ್ದೇನೆ, ಹಲ್ಲು ಕಚ್ಚಿಕೊಂಡು.